ಐಸು ಬಲ್ಲವ

ಮೊದಲು ಅಂವ ಕೇಳಿದ್ದು ಮೀನಲ್ಲ.
ಬೈತಖೋಲದ ಜೆಟ್ಟಿಗೆ ಬರುವ ಬಿಳಿಯರೆಲ್ಲ
ಬಲೆಯ ಫೋಟೋ, ಸುಲಾಬಾಯಿಯ ಮೂಗುತಿಯ ಫೋಟೋ ತೆಗೆದು
ಮೂಗು ಮುಚ್ಚಿಕೊಂಡು ಹೋಗುತ್ತಾರೆ.
ಇಂವ ನಮ್ಮ ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ
ಬೂಟು ಬಿಚ್ಚಿ, ಬಗ್ಗಿ,
ಒದ್ದೆ ನೆಲಕ್ಕೆ ಅಂಗೈ ಇಟ್ಟ,
ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಎಡಗಾಲು ಮಡಚುವುದಿಲ್ಲ.
ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು,
ನಕ್ಕರೆ ಅವು ಮಾತ್ರ ಹರೆಯದವು.

ಹೆಸರು ಹೆನ್ನಿಂಗ್. ಊರಿನ ಹೆಸರೂ ಹೇಳಿದ,
ನನ್ನ ಬಾಯಲ್ಲಿ ನಿಲ್ಲಲಿಲ್ಲ.
ಸ್ವೀಡನ್ ದೇಶದ ನೆತ್ತಿಯ ಕಡೆ ಎಲ್ಲೋ,
ನವೆಂಬರ್ ಬಂದರೆ ಅಲ್ಲಿ ಹೊಳೆಯೇ ರಸ್ತೆಯಂತೆ.
ಇನಾಸ ಹಿಂದೆ ಹಡಗಲ್ಲಿ ಅಡಿಗೆ ಮಾಡಿದವ, ಈಗ ರಿಕ್ಷಾ;
ಅವನ ಮಾತು ನಮಗೆ, ನಮ್ಮದು ಅವನಿಗೆ ದಾಟಿಸಿದ,
ನಡುವೆ ತನ್ನದೂ ಒಂದು ಚಿಟಿಕೆ ಉಪ್ಪು ಹಾಕಿ.

"ಹಾಕಿ ಆಡ್ತಿದ್ನಂತೆ ಮಾರಾಯ. ಐಸಿನ ಮೇಲೆ."
ಪುರ್ಸೊ ನಕ್ಕ: ನಾವೂ ಮೂವತ್ತೊಂದು ವರ್ಷ
ಐಸಿನ ಮೇಲೇ ಆಡಿದ್ದು,
ಒಬ್ಬನಾದರೂ ಚಪ್ಪಾಳೆ ತಟ್ಟಿದನೇ?
ಇನಾಸ ಅದನ್ನೂ ದಾಟಿಸಿಬಿಟ್ಟ. ಹೆನ್ನಿಂಗ್ ನಗಲಿಲ್ಲ.
ಪುರ್ಸೊನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದ.
ಅಮೋನಿಯ ಸೋರಿದ್ದು, ಕೊಕ್ಕೆ ಜಾರಿದ್ದು
ಎಲ್ಲ ಅಲ್ಲೇ ಇತ್ತು.
ತನ್ನ ಕೈಯನ್ನೂ ಪಕ್ಕದಲ್ಲಿಟ್ಟ.

ಹದಿನಾರು ಸೀಸನ್ನು. ಗೋಲು ಎಷ್ಟು?
ಇಪ್ಪತ್ತಮೂರು.
"ಇಷ್ಟೇನಾ!" ಅಂದದ್ದು ಇನಾಸನೋ ನಾನೋ.
ಅಂವ ಹಿಂದೆ ನಿಲ್ಲುವವನಂತೆ. ತಡೆಯುವವ.
ಆಗದೇ ಹೋದ ಗೋಲನ್ನು ಯಾರೂ ಬರೆದಿಡುವುದಿಲ್ಲವಂತೆ.
ನಾನು ಹೊರಗೆ ನೋಡಿದೆ.
ನಾಲ್ಕು ದಿನದ ಹಿಂದೆ ಪುಡಿಮಾಡಿ ತುಂಬಿದ ನಮ್ಮ ಐಸು
ನೀರಾಗಿ ಬೋಟಿನ ಹೊಟ್ಟೆಯಿಂದ ಸುರಿಯುತ್ತಿತ್ತು.
ಬಂಗಡೆ ಕೆಡಲಿಲ್ಲ ಅಂತ
ಈವರೆಗೆ ಯಾವ ತಾಂಡೇಲ ಬಂದು ಹೇಳಿದ್ದಾನೆ?

ಕೊನೆಯ ವರ್ಷದ್ದು ಇನಾಸನಿಗೂ ಪೂರ್ತಿ ತಿಳಿಯಲಿಲ್ಲ.
ಕಾರು ನಿಲ್ಲಿಸುವ ಜಾಗ, ಒಬ್ಬ ಮ್ಯಾನೇಜರ್,
ಇಂಜಿನ್ ಬಂದ್ ಮಾಡದೆ ಕಿಟಕಿ ಇಳಿಸಿ ಎರಡು ಮಾತು.
ಮರುದಿನವೂ ಐದಕ್ಕೇ ಎಚ್ಚರ,
ಹೋಗಲು ಜಾಗ ಇಲ್ಲ.
ಆಮೇಲೆ ಇಪ್ಪತ್ತು ವರ್ಷ ಅದೇ ಮೈದಾನದಲ್ಲಿ
ಆಟದ ನಡುವೆ ಐಸು ನುಣುಪು ಮಾಡುವ ಗಾಡಿ ಓಡಿಸಿದನಂತೆ.
ಗೋಲಿನ ಲೆಕ್ಕ ಹೇಳುವಾಗ ಬಾಗಿದ್ದ ಬೆನ್ನು
ಈ ಗಾಡಿಯ ಮಾತಿಗೆ ನೆಟ್ಟಗಾಯಿತು.

ಡಬ್ಬದಿಂದ ಹೊಸ ದಿಮ್ಮಿ ಜಾರಿಬಂತು,
ಹೊಟ್ಟೆಯೊಳಗೆ ಬೆಳ್ಳಗಿನ ಮೋಡ.
ಬೆರಳ ಗೆಣ್ಣಿಂದ ತಟ್ಟಿ ಕಿವಿಯಿಟ್ಟು
"ಅವಸರದ ಐಸು," ಅಂದ.
ಹೌದು. ಸೀಸನ್ನಲ್ಲವೇ.
ಇಡೀ ದಿನ ಬೇಕಾದದ್ದನ್ನು ಹದಿನಾರು ತಾಸಿಗೇ ಎಳೆಯುತ್ತೇವೆ.
ಬಂದರಿಗೆಲ್ಲ ಗೊತ್ತಿಲ್ಲದ ಗುಟ್ಟು,
ಮಣ್ಣಿನ ಬಾಯಿ ತಿಳಿದ ಕುಂಬಾರನಂತೆ
ನಿಂತಲ್ಲೇ ಹಿಡಿದ.

ಪುರ್ಸೊ ಏನೂ ಹೇಳದೆ ಕೊಕ್ಕೆಕೋಲು ಅವನಿಗೆ ಕೊಟ್ಟ,
ಎರಡು ಬುಟ್ಟಿ ಅವನ ಹಿಂದಿಟ್ಟ,
ಸಲಿಕೆ ಬೀಸಿ ಒಂದು ಚೂರು ಹೊಡೆದ.
ಮಡಚದ ಕಾಲು ಹಾಗೇ ಬಿಟ್ಟು
ಇನ್ನೊಂದರ ಮೇಲೆ ಅಂವ ತಗ್ಗಿದ.
ಟಕ್.
ಮತ್ತೊಂದು. ಟಕ್.
ನಾನು ಹೊಡೆದೆ, ಇನಾಸ ಚಪ್ಪಲಿಯಲ್ಲಿ ಒದ್ದು ತಾನೇ ಬಿದ್ದ.
ಐಸಿಗೆ ಬಂದ ಸುಲಾಬಾಯಿ ಬೈದಳು:
"ಇದರ ದುಡ್ಡು ಯಾರಪ್ಪ ಕೊಡ್ತಾನೆ?"
ಬೈಯುತ್ತಲೇ ಬೋಗುಣಿ ಇಳಿಸಿ
ಸೀರೆಯ ಕಾಸೆ ಬಿಗಿದು ಒಂದು ಒದ್ದಳು.
ಅದು ಮಾತ್ರ ಹೋಯಿತು.

ಬೋಟುಗಳ ಬಾಕಿ ಬರೆಯುವ ಗೋಡೆಯಲ್ಲಿ
ಸೀಮೆಸುಣ್ಣದಿಂದ ಕೆಳಗಡೆ ನಾನು ಬರೆದೆ:
ಹೆನ್ನಿಂಗ್, ಹನ್ನೊಂದು, ಆಗಲಿಲ್ಲ.

ಸಂಜೆ ಮಾಲೀಕ ಬಂದವ ಕನ್ನಡಕ ಏರಿಸಿ ಓದಿ
ಕೇಳಿದ, ಇದು ಯಾವ ಊರ ಬೋಟು,
ದುಡ್ಡು ಯಾವಾಗ ಕೊಡ್ತಾನಂತೆ?